ಓದುಗರ ಪ್ರಶ್ನೆ: ಹಾಲ್‌ನ ಇಟ್ಟಿಗೆ ಗೋಡೆಗೆ ಬಿಳಿ ಪೇಂಟ್ ಬಳಿದುಬಿಡಲೇ?

ಪ್ರಶ್ನೆ: ನಮ್ಮ ಹಾಲ್‌ನಲ್ಲಿ ಒಂದು ಇಡೀ ಗೋಡೆ ಪ್ಲಾಸ್ಟರ್ ಇಲ್ಲದ ಕೆಂಪು ಇಟ್ಟಿಗೆಯದು. ಸೊಗಸಾಗೇನೋ ಇದೆ, ಆದರೆ ಸಂಜೆಯಾದರೆ ಕೋಣೆ ಗವ್ವೆನ್ನುತ್ತದೆ. ಗೋಡೆಗೆ ಒರಗಿದರೆ ಬಟ್ಟೆಗೆ ಪುಡಿ ಮೆತ್ತಿಕೊಳ್ಳುತ್ತದೆ. ಚಿತ್ರಗಳನ್ನು ತೂಗುಹಾಕಿದರೆ ಒಂದೂ ಎದ್ದು ಕಾಣುವುದಿಲ್ಲ. ಬಿಳಿ ಪೇಂಟ್ ಬಳಿದುಬಿಡಲೇ? ಅಥವಾ ಹೀಗೇ ಉಳಿಸಿಕೊಂಡು ಅಲಂಕರಿಸುವ ದಾರಿ ಇದೆಯೇ?

ಉತ್ತರ: ಸದ್ಯಕ್ಕೆ ಪೇಂಟ್ ಡಬ್ಬಿ ತೆರೆಯಬೇಡಿ. ಸೋಫಾ ಸರಿಹೋಗದಿದ್ದರೆ ಜರುಗಿಸಬಹುದು, ದೀಪ ಸರಿಹೋಗದಿದ್ದರೆ ಬದಲಿಸಬಹುದು. ಇಟ್ಟಿಗೆಗೆ ಬಳಿದ ಪೇಂಟನ್ನು ಮಾತ್ರ ಪೂರ್ತಿ ತೆಗೆಯಲು ಆಗುವುದಿಲ್ಲ. ಇಟ್ಟಿಗೆಯ ಮೈಯೆಲ್ಲ ಸಣ್ಣ ಸಣ್ಣ ರಂಧ್ರ. ಪೇಂಟ್ ಅದರೊಳಗೆ ಇಳಿದು ಗಟ್ಟಿಯಾದ ಮೇಲೆ ರಾಸಾಯನಿಕ ಹಚ್ಚಿ ಉಜ್ಜಿದರೂ ಗುಳಿಗಳಲ್ಲಿ ಬಿಳಿ ಉಳಿದೇ ಉಳಿಯುತ್ತದೆ. ಒತ್ತಡದಲ್ಲಿ ಮರಳು ಚಿಮ್ಮಿಸಿ ತೆಗೆಸಿದರೆ, ಗೂಡಿನಲ್ಲಿ ಬೆಂದು ಗಟ್ಟಿಯಾದ ಇಟ್ಟಿಗೆಯ ಹೊರಮೈಯೂ ಪೇಂಟಿನ ಜೊತೆ ಹೋಗಿಬಿಡುತ್ತದೆ. ಒಳಗಿನ ಮೆದು ಭಾಗ ಹೊರಬಿದ್ದು ಪುಡಿ ಇನ್ನೂ ಹೆಚ್ಚುತ್ತದೆ. ನಿಮ್ಮ ಮೂರು ತೊಂದರೆಗಳಿಗೂ ಪೇಂಟ್ ಇಲ್ಲದೆ ಪರಿಹಾರವಿದೆ. ಪುಡಿಯ ಕೆಲಸ ಮೊದಲು ಮುಗಿಯಬೇಕು, ಏಕೆಂದರೆ ಉಳಿದದ್ದೆಲ್ಲ ಆ ಗೋಡೆಯ ಮುಂದೆಯೇ ನಿಲ್ಲಬೇಕು.

ಪುಡಿ ಯಾವುದು ಎಂದು ಮೊದಲು ನೋಡಿ

ಕಪ್ಪು ಬಟ್ಟೆಯ ತುಂಡೊಂದನ್ನು ತೆಗೆದುಕೊಂಡು ಗೋಡೆಯ ಕೆಳಭಾಗದಲ್ಲಿ ಒಮ್ಮೆ, ಎದೆಮಟ್ಟದಲ್ಲಿ ಒಮ್ಮೆ ಒರೆಸಿ. ಕೆಂಪು ಹಿಟ್ಟು ಅಂಟಿದರೆ ಅದು ಇಟ್ಟಿಗೆಯದೇ. ಸರಿಯಾಗಿ ಬೇಯದ ಮೆದು ಇಟ್ಟಿಗೆ ಹೀಗೆ ಉದುರುತ್ತದೆ. ಬೂದು ಬಣ್ಣದ, ಬೆರಳಿಗೆ ಮರಳಿನಂತೆ ತರಿತರಿಯಾಗಿ ಸಿಗುವ ಪುಡಿಯಾದರೆ ಅದು ಸಂದುಗಳ ಗಾರೆ. ಹತ್ತಿಯಂತೆ ಹಗುರವಾದ ಬಿಳಿ ಪುಡಿ ಬಂದು, ಒಂದು ಹನಿ ನೀರು ಬಿಟ್ಟೊಡನೆ ಕರಗಿದರೆ ಅದು ಉಪ್ಪು. ಮೂರರಲ್ಲಿ ಚಿಂತೆ ಮಾಡಬೇಕಾದದ್ದು ಈ ಉಪ್ಪಿನ ಬಗ್ಗೆ. ಗೋಡೆಯೊಳಗೆ ನೀರು ಹರಿದಾಡುತ್ತಿದೆ, ಇಟ್ಟಿಗೆ ಮತ್ತು ಗಾರೆಯ ಲವಣಗಳನ್ನು ಹೊತ್ತು ಮೈಮೇಲೆ ಬಂದು ಆರುತ್ತಿದೆ ಎಂಬುದಕ್ಕೆ ಅದೇ ಗುರುತು.

ತೇವ ಎಷ್ಟಿದೆ ಎಂದು ತಿಳಿಯಲು ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಬಿಗಿಯಾಗಿ ಟೇಪ್ ಹಾಕಿ ಗೋಡೆಗೆ ಅಂಟಿಸಿ, 24ರಿಂದ 48 ಗಂಟೆ ಬಿಡಿ. ಹಾಳೆಯ ಒಳಮೈಯಲ್ಲಿ ಹನಿ ಕಟ್ಟಿದ್ದರೆ ತೇವ ಗೋಡೆಯಿಂದ ಬರುತ್ತಿದೆ. ಹೊರಮೈಯಲ್ಲಿ ಮಾತ್ರ ಹನಿ ಇದ್ದರೆ ಕೋಣೆಯ ಗಾಳಿಯಲ್ಲೇ ತೇವ ಹೆಚ್ಚು; ಕಿಟಕಿ ತೆರೆದಿಡುವುದೇ ಅದಕ್ಕೆ ಔಷಧ. ಗೋಡೆಯದೇ ತೇವವಾದರೆ ಒಡೆದ ಪೈಪ್, ಹೊರಗಡೆ ಬಾಯಿ ಬಿಟ್ಟ ಸಂದು, ಗೋಡೆಗೆ ಒತ್ತಿಕೊಂಡ ಮಣ್ಣು, ಇವುಗಳಲ್ಲಿ ಯಾವುದು ಎಂದು ಹುಡುಕಿ ಮೊದಲು ನಿಲ್ಲಿಸಬೇಕು. ಉಪ್ಪನ್ನು ನೀರು ಹಾಕಿ ತೊಳೆಯಬೇಡಿ. ಕರಗಿದ ಉಪ್ಪು ಮತ್ತೆ ಇಟ್ಟಿಗೆಯೊಳಗೆ ಸೇರಿ, ಒಣಗಿದ ಮೇಲೆ ಪುನಃ ಹೊರಬರುತ್ತದೆ. ಒಣ ನಾರಿನ ಬ್ರಷ್‌ನಿಂದ ಉಜ್ಜಿ, ಉದುರಿದ್ದನ್ನು ಕೂಡಲೇ ವ್ಯಾಕ್ಯೂಮ್ ಕ್ಲೀನರ್‌ನಿಂದ ಎಳೆದುಬಿಡಿ. ತಂತಿ ಬ್ರಷ್ ಬೇಡ, ಅದು ಇಟ್ಟಿಗೆಯ ಮೈ ಗೀರುತ್ತದೆ. ಮೂಗು ಬಾಯಿಗೆ ಎನ್95 ಮಾಸ್ಕ್ ಇರಲಿ. ಇಟ್ಟಿಗೆ ಮತ್ತು ಗಾರೆಯ ದೂಳಿನಲ್ಲಿ ಶ್ವಾಸಕೋಶಕ್ಕೆ ಕೇಡು ಮಾಡುವ ಸಿಲಿಕಾ ಇರುತ್ತದೆ.

ಗಾರೆಯೇ ಉದುರುತ್ತಿದ್ದರೆ ಮನೆಯ ಬೀಗದ ಕೈಯಿಂದ ಸಂದನ್ನು ಕೆರೆದು ನೋಡಿ. ಸಲೀಸಾಗಿ ಗುಳಿ ಬಿದ್ದರೆ ಪಾಯಿಂಟಿಂಗ್, ಅಂದರೆ ಸಂದುಗಳಿಗೆ ಹೊಸ ಗಾರೆ ತುಂಬುವ ಕೆಲಸ, ಮಾಡಿಸಲೇಬೇಕು. ಸಂದಿನ ಅಗಲದ ಎರಡರಷ್ಟು ಆಳಕ್ಕೆ ಹಳೆಯ ಗಾರೆ ತೆಗೆಯಬೇಕು, ಅಂದರೆ 10 ಮಿಲಿಮೀಟರ್ ಸಂದಿಗೆ 20 ಮಿಲಿಮೀಟರ್ ಆಳ. ಉಳಿ ಸುತ್ತಿಗೆಯಲ್ಲೇ ತೆಗೆಸಿ. ಕಟಿಂಗ್ ಮಷೀನ್ ಒಂದು ಸಲ ಜಾರಿದರೆ ಇಟ್ಟಿಗೆಯ ಅಂಚು ಹೋಯಿತು. ಸಂದಿನ ದೂಳು ತೆಗೆದು, ನೀರು ಚಿಮುಕಿಸಿ, ಹೊಸ ಗಾರೆಯನ್ನು ಎರಡು ಸಲವಾಗಿ ಒತ್ತಿ ತುಂಬಬೇಕು. ಇಲ್ಲಿ ಹದ ಬಹಳ ಮುಖ್ಯ. ಹಳೆಯ ಸುಣ್ಣದ ಗಾರೆಯ ಗೋಡೆಯಾದರೆ 1 ಪಾಲು ಸುಣ್ಣಕ್ಕೆ 3 ಪಾಲು ಮರಳು; ಸಿಮೆಂಟ್ ಗಾರೆಯ ಗೋಡೆಗೆ 1 ಪಾಲು ಸಿಮೆಂಟ್, 1 ಪಾಲು ಸುಣ್ಣ, 6 ಪಾಲು ಮರಳು ಸಾಕು. ಗಟ್ಟಿಯಾಗಲಿ ಎಂದು ಹಳೆಯ ಮೆದು ಇಟ್ಟಿಗೆಯ ಸಂದಿಗೆ ಬರೀ ಸಿಮೆಂಟ್ ತುಂಬಿಸುವುದೇ ಮೇಸ್ತ್ರಿಗಳು ಸಾಮಾನ್ಯವಾಗಿ ಮಾಡುವ ತಪ್ಪು. ಆಗ ತೇವಕ್ಕೆ ಸಂದಿನ ದಾರಿ ಮುಚ್ಚಿಹೋಗಿ ಅದು ಇಟ್ಟಿಗೆಯ ಮುಖದಿಂದಲೇ ಹೊರಡುತ್ತದೆ. ಕೆಲವು ವರ್ಷಗಳಲ್ಲಿ ಸಂದು ಗಟ್ಟಿಯಾಗಿ ಉಳಿದು, ಇಟ್ಟಿಗೆ ಚಕ್ಕೆ ಚಕ್ಕೆಯಾಗಿ ಉದುರಿರುತ್ತದೆ.

ಇಟ್ಟಿಗೆಯದೇ ಕೆಂಪು ಹಿಟ್ಟಾದರೆ ಸೀಲರ್, ಅಂದರೆ ಇಟ್ಟಿಗೆಯ ಮೈಗೆ ಹಚ್ಚುವ ರಕ್ಷಣೆಯ ದ್ರಾವಣ, ಬೇಕು. ನೀರು ತಡೆಯುವ ಸೀಲರ್ ಬೇರೆ, ಪುಡಿ ಹಿಡಿದಿಡುವ ಸೀಲರ್ ಬೇರೆ. ಹೊರಗೋಡೆಗೆಂದು ಮಾರುವ ಸಿಲೇನ್-ಸಿಲಾಕ್ಸೇನ್ ಬಗೆಯದು ಮಳೆನೀರನ್ನು ತಡೆಯುತ್ತದೆ, ಪುಡಿಯನ್ನು ಕಟ್ಟಿಹಾಕುವುದಿಲ್ಲ. ಮನೆಯೊಳಗೆ ನಿಮಗೆ ಬೇಕಾದದ್ದು ನೀರಿನಲ್ಲಿ ಬೆರೆಯುವ, ತೆಳುವಾದ, ಹೊಳಪಿಲ್ಲದ, ಗೋಡೆಯ ತೇವ ಆವಿಯಾಗಿ ಹೊರಹೋಗಲು ಬಿಡುವ ಬಗೆ. ಹೊಳಪಿನದು ಹಚ್ಚಿದರೆ ಇಟ್ಟಿಗೆ ಸದಾ ಒದ್ದೆಯಾದಂತೆ ಕಪ್ಪಗೆ ಕಂಡು ಕೋಣೆ ಇನ್ನೂ ಮಂಕಾಗುತ್ತದೆ. ಮೊದಲು ಸೋಫಾದ ಹಿಂದೆ ಅಂಗೈಯಗಲ ಹಚ್ಚಿ, ಎರಡು ದಿನ ಬಿಟ್ಟು ಬಣ್ಣ ನೋಡಿ. ಹೊಸ ಪಾಯಿಂಟಿಂಗ್ ಆಗಿದ್ದರೆ 28 ದಿನ ಕಾಯಿರಿ. ಉಪ್ಪು ಇನ್ನೂ ಹೊರಡುತ್ತಿರುವ ಗೋಡೆಗೆ ಯಾವ ಸೀಲರ್ ಕೂಡ ಬೇಡ. ಅದರ ಹಿಂದೆ ಹರಳುಗಟ್ಟಿದ ಉಪ್ಪು ಇಟ್ಟಿಗೆಯ ಮೈಯನ್ನೇ ಒಳಗಿನಿಂದ ಒಡೆಯುತ್ತದೆ.

ಕತ್ತಲೆಗೆ ಕಾರಣ

ಬಿಳಿ ಗೋಡೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇ. 80ರಷ್ಟನ್ನು ಮರಳಿಸಿದರೆ ಕೆಂಪು ಇಟ್ಟಿಗೆ ಮರಳಿಸುವುದು ಶೇ. 10ರಿಂದ 25 ಮಾತ್ರ. ಚಾವಣಿಯ ನಡುವೆ ಒಂದೇ ದೀಪವಿದ್ದರೆ ಆ ಗೋಡೆಗೆ ತಲಪುವ ಬೆಳಕೇ ಕಡಿಮೆ, ತಲಪಿದ್ದನ್ನೂ ಇಟ್ಟಿಗೆ ನುಂಗುತ್ತದೆ. ಇನ್ನೂ ದೊಡ್ಡ ಬಲ್ಬ್ ಹಾಕಿದರೆ ಕಣ್ಣು ಕುಕ್ಕುತ್ತದೆಯೇ ಹೊರತು ಗೋಡೆ ಬೆಳಗುವುದಿಲ್ಲ. ಬೆಳಕನ್ನು ನೇರವಾಗಿ ಗೋಡೆಯ ಮೇಲೆಯೇ ಚೆಲ್ಲಬೇಕು.

ಅದಕ್ಕೆ ಎರಡು ಬಗೆ. ಚಾವಣಿಯಲ್ಲಿ ಗೋಡೆಯಿಂದ 15ರಿಂದ 30 ಸೆಂಟಿಮೀಟರ್ ದೂರದಲ್ಲಿ ದೀಪದ ಸಾಲು ಇಟ್ಟರೆ ಬೆಳಕು ಇಟ್ಟಿಗೆಯನ್ನು ಸವರಿಕೊಂಡು ಇಳಿಯುತ್ತದೆ. ಪ್ರತಿ ಉಬ್ಬಿನ ಕೆಳಗೂ ನೆರಳು ಬಿದ್ದು ಗೋಡೆಗೆ ಜೀವ ಬರುತ್ತದೆ. ಆದರೆ ಸೊಟ್ಟ ಸಂದು, ಚೆಲ್ಲಿ ಗಟ್ಟಿಯಾದ ಗಾರೆ, ಒಡೆದ ಅಂಚು ಕೂಡ ಅಷ್ಟೇ ಎದ್ದು ಕಾಣುತ್ತವೆ. ಕೆಲಸ ಅಚ್ಚುಕಟ್ಟಾಗಿಲ್ಲದ ಗೋಡೆಗೆ ದೀಪಗಳನ್ನು ಗೋಡೆಯಿಂದ 60ರಿಂದ 90 ಸೆಂಟಿಮೀಟರ್ ದೂರಕ್ಕೆ ಸರಿಸಿ. ಬೆಳಕು ಸಮವಾಗಿ ಹರಡಿ ಕುಂದುಗಳನ್ನು ಮರೆಸುತ್ತದೆ. ಯಾವುದು ಸರಿ ಎಂದು ವೈರಿಂಗ್ ಮಾಡಿಸುವ ಮೊದಲೇ ತಿಳಿಯಬಹುದು: ರಾತ್ರಿ ಕೋಣೆಯ ದೀಪ ಆರಿಸಿ, ಏಣಿ ಹತ್ತಿ, ಎರಡೂ ಜಾಗದಿಂದ ಟಾರ್ಚ್ ಬಿಟ್ಟು ನೋಡಿ. ಬಲ್ಬ್ 2700ರಿಂದ 3000 ಕೆಲ್ವಿನ್ (ಬೆಳಕಿನ ಛಾಯೆಯ ಅಳತೆ) ಇರಲಿ, ಡಬ್ಬಿಯ ಮೇಲೆ ಸಿಆರ್‌ಐ (ಬಣ್ಣಗಳನ್ನು ಎಷ್ಟು ಸಹಜವಾಗಿ ತೋರಿಸುತ್ತದೆ ಎಂಬ ಅಂಕ) 90 ಅಥವಾ ಹೆಚ್ಚು ಎಂದಿರಲಿ. 6500 ಕೆಲ್ವಿನ್‌ನ ನೀಲಿ ಛಾಯೆಯ ಬೆಳಕಿನಲ್ಲಿ ಕೆಂಪು ಇಟ್ಟಿಗೆ ಸತ್ತ ಕಂದು ಬಣ್ಣಕ್ಕೆ ತಿರುಗುತ್ತದೆ.

ಉಳಿದ ಮೂರು ಗೋಡೆಗಳಿಗೆ ಬಣ್ಣವನ್ನು ಇಟ್ಟಿಗೆಯಿಂದ ಆರಿಸುವುದಕ್ಕಿಂತ ಸಂದಿನ ಗಾರೆಯಿಂದ ಆರಿಸುವುದು ಒಳ್ಳೆಯದು. ಗಾರೆಗಿಂತ ಒಂದೆರಡು ಛಾಯೆ ತಿಳಿಯಾದ ಕೆನೆ ಬಣ್ಣ ಬಳಿದರೆ ನಾಲ್ಕು ಗೋಡೆಗಳೂ ಒಂದೇ ಕೋಣೆಯವು ಅನ್ನಿಸುತ್ತದೆ. ಹಾಲುಬಿಳಿಯ ಪಕ್ಕದಲ್ಲಿ ಇಟ್ಟಿಗೆ ಕೊಳೆಯಾದಂತೆ ಕಾಣುತ್ತದೆ.

ಚಿತ್ರಗಳು ಏಕೆ ಕಳೆದುಹೋಗುತ್ತವೆ

ಒಂದು ಚದರ ಮೀಟರ್ ಗೋಡೆಯಲ್ಲಿ ಸುಮಾರು 50ರಿಂದ 60 ಇಟ್ಟಿಗೆ ಇರುತ್ತವೆ. 4 ಮೀಟರ್ ಉದ್ದ, 3 ಮೀಟರ್ ಎತ್ತರದ ಗೋಡೆಯೆಂದರೆ ನೀವು ಮೊಳೆ ಹೊಡೆಯುವ ಮುಂಚೆಯೇ ಅಲ್ಲಿ 600ಕ್ಕೂ ಹೆಚ್ಚು ಪುಟ್ಟ ಆಯತಗಳಿವೆ. ಅವುಗಳ ನಡುವೆ ಹತ್ತು ಸಣ್ಣ ಫ್ರೇಮ್ ಇಟ್ಟರೆ ಕಾಣುವುದು ಹೇಗೆ? ಒಂದೇ ದೊಡ್ಡದನ್ನು ಹಾಕಿ, ಸೋಫಾದ ಉದ್ದದ ಮೂರನೇ ಎರಡು ಪಾಲಿನಷ್ಟು ಅಗಲ, ಸೋಫಾದ ಬೆನ್ನಿನಿಂದ 15ರಿಂದ 20 ಸೆಂಟಿಮೀಟರ್ ಮೇಲೆ. ಚಿತ್ರದ ಸುತ್ತ ಅಗಲವಾದ ಬಿಳಿ ಅಂಚು ಇದ್ದರೆ ಕಣ್ಣಿಗೆ ನಿಲ್ಲಲು ಜಾಗ ಸಿಗುತ್ತದೆ. ಕಿಟಕಿಗೆ ಎದುರಾಗಿ ದೊಡ್ಡ ಕನ್ನಡಿ ಹಾಕಿದರೂ ಆಗುತ್ತದೆ, ಬೆಳಕೂ ಮರಳಿ ಬರುತ್ತದೆ.

ತೂತು ಕೊರೆಯುವುದಾದರೆ ಹಗುರ ಫ್ರೇಮಿಗೆ ಸಂದೇ ಸರಿ, ನಾಳೆ ಬೇಡವಾದರೆ ಗಾರೆ ತುಂಬಿ ಮುಚ್ಚಬಹುದು. ಭಾರದ ಕನ್ನಡಿಗೆ ಮತ್ತು ಶೆಲ್ಫಿಗೆ ಇಟ್ಟಿಗೆಯ ನಟ್ಟನಡುವೆ ಕೊರೆಯಿರಿ. ಅಂಚಿಗೆ ಹತ್ತಿರವಾದರೆ ಮೂಲೆ ಸೀಳುತ್ತದೆ. ಫ್ರೇಮಿಗೆ 6 ಮಿಲಿಮೀಟರ್ ಮೇಸನ್ರಿ ಬಿಟ್ (ಇಟ್ಟಿಗೆ ಕೊರೆಯುವ ಡ್ರಿಲ್ ಮೊನೆ), ಅದೇ ಅಳತೆಯ ಪ್ಲಗ್ (ಸ್ಕ್ರೂ ಹಿಡಿಯಲು ತೂತಿಗೆ ತೂರಿಸುವ ತುಂಡು), ಪ್ಲಗ್‌ಗಿಂತ 5 ಮಿಲಿಮೀಟರ್ ಹೆಚ್ಚು ಆಳ ಸಾಕು. ಆಳಕ್ಕೆ ಗುರುತಾಗಿ ಬಿಟ್‌ಗೆ ಟೇಪ್ ಸುತ್ತಿಕೊಳ್ಳಿ. ಹಳೆಯ ಇಟ್ಟಿಗೆಯಾದರೆ ಡ್ರಿಲ್‌ನ ಹ್ಯಾಮರ್ (ಕುಟ್ಟುತ್ತಾ ಕೊರೆಯುವ ವ್ಯವಸ್ಥೆ) ಆಫ್ ಮಾಡಿಯೇ ಶುರುಮಾಡಿ. ಕೊರೆದ ತೂತಿನ ಪುಡಿ ಊದಿ ತೆಗೆಯದಿದ್ದರೆ ಪ್ಲಗ್ ಹಿಡಿಯುವುದಿಲ್ಲ, ತಿರುಪಿದಂತೆಲ್ಲ ಜೊತೆಗೇ ತಿರುಗುತ್ತದೆ.

ಸೋಫಾ, ಕಪಾಟುಗಳನ್ನು ಗೋಡೆಯಿಂದ 5 ಸೆಂಟಿಮೀಟರ್ ಬಿಟ್ಟು ಇಡಿ, ಹಿಂದೆ ಗಾಳಿಯಾಡಲಿ. ಇಟ್ಟಿಗೆ ಸದ್ದನ್ನು ಹೀರುವುದಿಲ್ಲವಾದ್ದರಿಂದ ನೆಲಕ್ಕೆ ದಪ್ಪ ಜಮಖಾನೆ, ಕಿಟಕಿಗೆ ಭಾರದ ಪರದೆ ಇದ್ದರೆ ಮಾತು ಗುಂಯ್‌ಗುಡುವುದು ತಪ್ಪುತ್ತದೆ.

ಇಷ್ಟಾದರೂ ಬಿಳಿಯೇ ಬೇಕೆನಿಸಿದರೆ

ಪ್ಲಾಸ್ಟಿಕ್ ಪೇಂಟಿನ ಬದಲು ಸುಣ್ಣ ಬಳಿಯಿರಿ. ಪೇಂಟ್ ಇಟ್ಟಿಗೆಯ ಮೇಲೆ ಪೊರೆ ಕಟ್ಟುತ್ತದೆ, ಹಿಂದೆ ತೇವ ಬಂದರೆ ಉಬ್ಬಿ ಹಕ್ಕಳೆ ಏಳುತ್ತದೆ. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಇಟ್ಟಿಗೆಯ ಮೈಯಲ್ಲೇ ಗಟ್ಟಿಯಾಗುತ್ತದೆ, ತೇವ ಆವಿಯಾಗಲು ಅಡ್ಡ ಬರುವುದಿಲ್ಲ. ಚೆನ್ನಾಗಿ ಅರಳಿದ ಗಟ್ಟಿ ಸುಣ್ಣ 1 ಪಾಲಿಗೆ 3ರಿಂದ 4 ಪಾಲು ನೀರು ಬೆರೆಸಿ, ಹಾಲಿನಷ್ಟು ತೆಳುವಾಗಿಸಿ, ಸೋಸಿಕೊಳ್ಳಿ. ಕೈಗವಸು ಮತ್ತು ಕನ್ನಡಕ ಹಾಕದೆ ಮುಟ್ಟಬೇಡಿ, ಸುಣ್ಣ ಕಣ್ಣಿಗೆ ಸಿಡಿದರೆ ಅಪಾಯ. ಗೋಡೆಗೆ ನೀರು ಚಿಮುಕಿಸಿ, ಒದ್ದೆ ಇರುವಾಗಲೇ ಬಳಿಯಬೇಕು. ಒಣ ಇಟ್ಟಿಗೆ ಸುಣ್ಣದ ನೀರನ್ನು ಥಟ್ಟನೆ ಎಳೆದುಕೊಂಡರೆ ಉಳಿದದ್ದು ಪುಡಿಯಾಗಿ ಕೈಗೆ ಬರುತ್ತದೆ. ಹಸಿಯಾಗಿದ್ದಾಗ ಏನೂ ಬಳಿದಂತೆಯೇ ಕಾಣುವುದಿಲ್ಲ. ಗಾಬರಿಯಾಗಿ ಅದೇ ಹೊತ್ತಿನಲ್ಲಿ ದಪ್ಪ ಬಳಿದವರ ಗೋಡೆಯೇ ಬಿರುಕು ಬಿಡುವುದು. ಒಂದು ದಿನ ಬಿಟ್ಟು ನೋಡಿ, ಬಿಳಿ ತಾನಾಗಿ ಮೇಲೇಳುತ್ತದೆ. ಹೀಗೆ ದಿನಕ್ಕೊಂದರಂತೆ ಮೂರು ನಾಲ್ಕು ಕೈ. ಕೆಂಪು ಅಲ್ಲಲ್ಲಿ ಇಣುಕಬೇಕೆಂದರೆ ಎರಡನೇ ಕೈಗೇ ನಿಲ್ಲಿಸಿ, ಒದ್ದೆ ಬಟ್ಟೆಯಿಂದ ಬೇಕಾದ ಕಡೆ ಒರೆಸಿ.

ಒಂದು ಮಾತು ನೆನಪಿರಲಿ: ಸೀಲರ್ ಹಚ್ಚಿದ ಇಟ್ಟಿಗೆಗೆ ಸುಣ್ಣ ಹಿಡಿಯುವುದಿಲ್ಲ. ಆದ್ದರಿಂದ ಉಪ್ಪು, ಸಂದು, ದೀಪ ಈ ಮೂರೂ ಕೆಲಸ ಮುಗಿಸಿ, ಹೊಸ ಬೆಳಕಿನಲ್ಲಿ ಆ ಗೋಡೆಯ ಮುಂದೆ ಕೆಲವು ಸಂಜೆ ಕೂತು ನೋಡಿ, ಸೀಲರೋ ಸುಣ್ಣವೋ ಎಂದು ಆಮೇಲೆ ತೀರ್ಮಾನಿಸಿ.