ಬಾವು ಕಾಲಲ್ಲಿ, ಉತ್ತರ ಕುತ್ತಿಗೆಯಲ್ಲಿ

ಕಳೆದ ಮಳೆಗಾಲದಲ್ಲಿ ಇಳಕಲ್ ಕಡೆಯ ನೇಕಾರರೊಬ್ಬರು ಬಂದಿದ್ದರು. ವಯಸ್ಸು 58. "ಸಿಸ್ಟರ್, ಕಾಲಾಗ ನೀರ ತುಂಬೈತ್ರಿ. ಕುಣಿ ಮಗ್ಗದಾಗ ಕಾಲ ಇಳಿಬಿಟ್ಟು ಕುಂದರ್ತೀನಲ್ರಿ, ಅದಕ್ಕ" ಅಂದರು. ಕಾರಣವನ್ನೂ ರೋಗಿಯೇ ಹೇಳಿಬಿಟ್ಟರೆ ಅರ್ಧ ಕೆಲಸ ಮುಗಿದಂತೆ ಅನಿಸುತ್ತದೆ. ನಾವು ಎಡವುವುದು ಅಲ್ಲೇ. ಅವರಿಗೆ ಆಗಲೇ ಯಾರೋ ಮೂತ್ರ ಜಾಸ್ತಿ ಹೋಗುವ ಗುಳಿಗೆ ಕೊಟ್ಟಿದ್ದರು. ಬಾವು ನಾಲ್ಕು ದಿನ ಇಳಿದು ಮತ್ತೆ ಬಂದಿತ್ತು.

ಮೊದಲು ಎರಡೂ ಕಾಲು ನೋಡಬೇಕು. ಮೊಣಕಾಲ ಕೆಳಗಿನ ಎಲುಬಿನ ಮೇಲೆ ಹೆಬ್ಬೆರಳಿಟ್ಟು ಐದು ಸೆಕೆಂಡು ಒತ್ತಿ ಬಿಡಬೇಕು. ರೊಟ್ಟಿ ಹಿಟ್ಟಿನಲ್ಲಿ ಬೆರಳು ಊರಿದ ಹಾಗೆ ಗುಳಿ ಉಳಿದರೆ ಅದು ನೀರು. ಇವರಿಗೆ ಎರಡೂ ಕಾಲಲ್ಲಿ ಉಳಿಯಿತು. ಒಂದೇ ಕಾಲು ಬಾತಿದ್ದರೆ ನಮ್ಮ ಯೋಚನೆಯೇ ಬೇರೆ ದಾರಿ ಹಿಡಿಯುತ್ತದೆ. ಚರ್ಮದ ಸೋಂಕು ಇರಬಹುದು, ಆನೆಕಾಲು ಇರಬಹುದು, ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಗಡ್ಡೆ ಆಗಿರಬಹುದು. ಆಗ ಟೇಪ್ ಹಿಡಿದು ಎರಡೂ ಮೀನಖಂಡ ಅಳೆಯುತ್ತೇನೆ. 3 ಸೆಂಟಿಮೀಟರ್‌ಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಕಳಿಸುತ್ತೇನೆ. ಅಂಥ ಕಾಲಿಗೆ ಎಣ್ಣೆ ಹಚ್ಚಿ ತಿಕ್ಕಬೇಡಿ, ದಯವಿಟ್ಟು. ಗಡ್ಡೆ ಕಿತ್ತು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ.

ಎರಡೂ ಕಾಲು ಬಾತಿದ್ದರೆ ಮೇಲಕ್ಕೆ ಹತ್ತಬೇಕು. ಮುಂದೆ ಸಿಗುವುದು ಹೊಟ್ಟೆ. ಸಂತೆಯಲ್ಲಿ ಕೊಡ ಕೊಳ್ಳುವಾಗ ಬೆರಳಿನಿಂದ ಬಡಿದು ನೋಡುತ್ತೇವಲ್ವಾ, ಇದೂ ಹಾಗೇ. ಗಾಳಿ ಇದ್ದಲ್ಲಿ ಟೊಣಟೊಣ, ನೀರಿದ್ದಲ್ಲಿ ಮಂದ ಸದ್ದು. ಮಗ್ಗುಲಿಗೆ ಮಲಗಿಸಿದಾಗ ಮಂದ ಸದ್ದಿನ ಜಾಗ ಸರಿದರೆ ಹೊಟ್ಟೆಯಲ್ಲಿ ನೀರಿದೆ ಅಂತ ಅರ್ಥ. ಹೊಟ್ಟೆ ಮೊದಲು ಊದಿ ಆಮೇಲೆ ಕಾಲು ಬಾತರೆ ಅನುಮಾನ ಲಿವರ್ ಮೇಲೆ. ಬೆಳಿಗ್ಗೆ ಎದ್ದಾಗ ಕಣ್ಣಿನ ಸುತ್ತ ಊದಿಕೊಂಡು, ಮೂತ್ರದಲ್ಲಿ ನೊರೆ ಬಂದರೆ ಕಿಡ್ನಿ ಮೇಲೆ. ಹೀಗೆ ಬಡಿದು ನೋಡುವ ವಿದ್ಯೆಯನ್ನು 1761ರಲ್ಲಿ ಮೊದಲು ಬರೆದಿಟ್ಟವರು ಆಸ್ಟ್ರಿಯಾದ ವೈದ್ಯ ಔಯೆನ್‌ಬ್ರುಗರ್. ಅವರ ಅಪ್ಪ ವಸತಿಗೃಹ ನಡೆಸುತ್ತಿದ್ದರಂತೆ. ಅಲ್ಲಿ ವೈನ್ ಪೀಪಾಯಿ ಬಡಿದು ಎಷ್ಟು ಉಳಿದಿದೆ ಅಂತ ನೋಡುತ್ತಿದ್ದುದೇ ಇದಕ್ಕೆ ಮೂಲ ಅಂತ ಹೇಳುತ್ತಾರೆ.

ಕೆಳಗಿನ ರೆಪ್ಪೆ ಎಳೆದು ನೋಡಿದೆ. ಕೆಂಪಗಿತ್ತು. ಅದು ಬಿಳಿಚಿಕೊಂಡಿದ್ದರೆ ರಕ್ತಹೀನತೆ. ಅದು ಜೋರಾದರೂ ಕಾಲು ಬಾಯುತ್ತದೆ, ದಮ್ಮು ಬರುತ್ತದೆ.

ಈಗ ಉಸಿರು. ನರ್ಸಿಂಗ್ ಓದುವಾಗ ನಾವೆಲ್ಲ ಚಾರ್ಟ್‌ನಲ್ಲಿ ಉಸಿರಿನ ಕಾಲಂಗೆ ಕಣ್ಣು ಮುಚ್ಚಿ 20 ಅಂತ ಬರೆಯುತ್ತಿದ್ದೆವು. ಇಡೀ ವಾರ್ಡಿಗೆ ಒಂದೇ ಉಸಿರು! ಆ ನಾಚಿಕೆ ಇನ್ನೂ ಹೋಗಿಲ್ಲ. ಈಗ ನಾಡಿ ಹಿಡಿದ ಹಾಗೆ ನಟಿಸುತ್ತಾ, ಪೂರ್ತಿ ಒಂದು ನಿಮಿಷ ಎದೆಯ ಏರಿಳಿತ ಎಣಿಸುತ್ತೇನೆ. ಎಣಿಸುತ್ತಿದ್ದೇವೆ ಅಂತ ಗೊತ್ತಾದರೆ ಉಸಿರಾಟ ಬದಲಾಗಿಬಿಡುತ್ತದೆ. ದೊಡ್ಡವರಿಗೆ 12ರಿಂದ 20 ಸರಿ. ನೇಕಾರರಿಗೆ 26 ಬಂತು, ಅದೂ ಸುಮ್ನೆ ಕೂತಿದ್ದಾಗ.

ಚಪ್ಪಟೆ ಮಲಗಿದರೆ ದಮ್ಮು ಬರುತ್ತದಾ ಅಂತ ತಿಳಿಯಲು, ರಾತ್ರಿ ಎಷ್ಟು ದಿಂಬು ಬೇಕು ಅಂತ ಕೇಳಿ ಅಂತ ನಮಗೆ ಕಲಿಸಿದ್ದಾರೆ. ನಮ್ಮ ಹಳ್ಳಿಗಳಲ್ಲಿ ಇದಕ್ಕೆ ಉತ್ತರವೇ ಸಿಗುವುದಿಲ್ಲ. "ರಾತ್ರಿ ಗ್ವಾಡಿಗೆ ಆನಿಸಿ ಕೂಡ್ತೀರೇನ್ರೀ?" ಅಂದೆ. ಅವರ ಹೆಂಡತಿ ತಟ್ಟನೆ, "ಹದಿನೈದ ದಿವಸಾತ್ರಿ, ಹಂಗಽ ಕುಂತಽ ಮಲಗತಾರ" ಅಂದರು.

ಬೆನ್ನಿಗೆ ಆಸರೆ ಕೊಟ್ಟು 45 ಡಿಗ್ರಿಗೆ ಒರಗಿಸಿದೆ. ತಲೆ ಸ್ವಲ್ಪ ಎಡಕ್ಕೆ ತಿರುಗಿಸಿ, ಬಲಗಡೆ ಕುತ್ತಿಗೆ ಮೇಲೆ ಮೊಬೈಲ್ ಬೆಳಕನ್ನು ಓರೆಯಾಗಿ ಬಿಟ್ಟೆ. ಹೃದಯಕ್ಕೆ ರಕ್ತ ವಾಪಸ್ ಒಯ್ಯುವ ಅಭಿಧಮನಿಯ ಮಿಡಿತ ದವಡೆ ಹತ್ತಿರದವರೆಗೆ ಕಾಣುತ್ತಿತ್ತು. ಎದೆ ಎಲುಬಿನ ಮೇಲ್ಭಾಗದಲ್ಲಿ ಒಂದು ಗಂಟು ಕೈಗೆ ಸಿಗುತ್ತದೆ. ಅಲ್ಲಿಂದ ನೇರ ಮೇಲಕ್ಕೆ 3 ಸೆಂಟಿಮೀಟರ್ ದಾಟಿದರೆ ಜಾಸ್ತಿ ಅಂತ ಲೆಕ್ಕ, ಆಗ ಅನುಮಾನ ಹೃದಯದ ಮೇಲೆ. ಆಮೇಲೆ ಅಂಗಿ ತೆಗೆಸಿ ಬೆನ್ನಿಗೆ ಸ್ಟೆತೊಸ್ಕೋಪ್ ಇಟ್ಟೆ. ಬಟ್ಟೆ ಮೇಲೆ ಇಟ್ಟರೆ ಬಟ್ಟೆಯ ಸದ್ದೇ ಕೇಳುತ್ತದೆ. ಕಿವಿ ಹತ್ತಿರ ನಾಲ್ಕು ಕೂದಲು ಹಿಡಿದು ಉಜ್ಜಿ ನೋಡಿ, ಶ್ವಾಸಕೋಶದ ಬುಡದಲ್ಲಿ ಅದೇ ಚಿರಿಚಿರಿ ಇತ್ತು. ಅಲ್ಲೂ ನೀರು ನಿಂತಿರಬಹುದು ಅನಿಸಿತು.

ರೋಗ ಇದೇ ಅಂತ ತೀರ್ಮಾನಿಸುವುದು ವೈದ್ಯರು. ಆದರೆ ಎಷ್ಟೋ ಉಪಕೇಂದ್ರಗಳಲ್ಲಿ ಈಗ ನರ್ಸಿಂಗ್ ಓದಿದವರೇ ಸಮುದಾಯ ಆರೋಗ್ಯ ಅಧಿಕಾರಿಗಳು. ಪಕ್ಕದಲ್ಲಿ ವೈದ್ಯರು ಇರುವುದಿಲ್ಲ. ಅಲ್ಲಿ ಬರೆಯುವ ಚೀಟಿಯೇ ಮುಖ್ಯ. "ಕಾಲು ಬಾವು" ಅಂತಷ್ಟೇ ಬರೆದಿದ್ದರೆ ಅವರು ಬಾಗಲಕೋಟೆಯಲ್ಲೂ ಸಾಲಿನಲ್ಲಿ ಕೂರಬೇಕಾಗುತ್ತಿತ್ತು. ಉಸಿರು 26, ಕುತ್ತಿಗೆಯ ಮಿಡಿತ, ಬೆನ್ನಿನ ಸದ್ದು, ಕೂತೇ ಮಲಗುವುದು, ನಾಲ್ಕನ್ನೂ ಬರೆದೆ. ಅಂದೇ ಎಕೋ, ಅಂದರೆ ಹೃದಯದ ಸ್ಕ್ಯಾನ್ ಆಯಿತು. ಹೃದಯ ರಕ್ತ ತಳ್ಳುವ ಶಕ್ತಿ ಕುಂದಿತ್ತು.

ನನ್ನ ಕೈ ಯಾವಾಗಲೂ ಸರಿ ಅಂತೇನಲ್ಲ. ಗುಳೇದಗುಡ್ಡದ ಅಜ್ಜಿಯೊಬ್ಬರಿಗೂ ಹೀಗೇ ಎರಡೂ ಪಾದ ಬಾತಿದ್ದವು. ಕುತ್ತಿಗೆ, ಬೆನ್ನು, ಹೊಟ್ಟೆ ಎಲ್ಲಾ ಸರಿ, ಉಸಿರು 16. ಎರಡು ಸಲ ಬರಿ ಕಾಲು ಎತ್ತರದಲ್ಲಿಟ್ಟುಕೊಳ್ಳಿ ಅಂತ ಹೇಳಿ ಕಳಿಸಿದೆ. ಮೂರನೇ ಸಲ ಅವರು ಚಿಲ್ಲರೆ ಹುಡುಕಲು ಎಲೆ-ಅಡಿಕೆ ಸಂಚಿ ಸುರುವಿದಾಗ ಗುಳಿಗೆ ಪಟ್ಟಿಯೊಂದು ಬಿತ್ತು. ಅಮ್ಲೋಡಿಪಿನ್, ಬಿಪಿ ಗುಳಿಗೆ. ಅದರಿಂದಲೇ ಕೆಲವರಿಗೆ ಪಾದ ಬಾಯುತ್ತದೆ. "ಇದನ್ನ ಮೊದಲ ಯಾಕ ಹೇಳಲಿಲ್ಲ ಅಜ್ಜಿ?" ಅಂದೆ.

"ನೀ ಕೇಳಲಿಲ್ಲವಾ" ಅಂದರು. ನೀವಾಗಿಯೇ ನಿಲ್ಲಿಸಬೇಡಿ ಅಂತ ಹೇಳಿ ವೈದ್ಯರ ಹತ್ತಿರ ಕಳಿಸಿದೆ. ಅವರು ಗುಳಿಗೆ ಬದಲಿಸಿಕೊಟ್ಟರು.