ಗೋಪುರದ ಹಿಂದಿನ ದೊಡ್ಡ ಚಂದ್ರ: ಕ್ಯಾಮೆರಾ ಎಲ್ಲಿತ್ತು?

ಹುಣ್ಣಿಮೆಯ ಮರುದಿನ ಪತ್ರಿಕೆಯ ಚಿತ್ರ ವಿಭಾಗಕ್ಕೆ ಬಂದು ಸೇರುವ ಫೋಟೊಗಳಲ್ಲಿ ಒಂದು ಬಗೆಯವು ತಪ್ಪದೆ ಇರುತ್ತವೆ. ದೇವಸ್ಥಾನದ ಗೋಪುರದ ಹಿಂದೆ, ಆ ಗೋಪುರವನ್ನೇ ನುಂಗುವಷ್ಟು ದೊಡ್ಡದಾಗಿ ಮೂಡಿದ ಚಂದ್ರನ ಚಿತ್ರಗಳವು. ನಮ್ಮ ಮೇಜಿಗೆ ಬರುವ ಹೊತ್ತಿಗೆ ಅವು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಊರೂರು ಸುತ್ತಿರುತ್ತವೆ. ಕೆಲವರು ಅವುಗಳನ್ನು ಕಂಡೊಡನೆ ಮೈಮರೆತು ಇತರರಿಗೆ ಕಳಿಸುತ್ತಾರೆ, ಕೆಲವರು ಕಂಡೊಡನೆ ‘ಇದು ಫೋಟೊಶಾಪ್’ ಎಂದು ತಳ್ಳಿಹಾಕುತ್ತಾರೆ. ಎರಡೂ ಅವಸರದ ತೀರ್ಮಾನಗಳೇ. ಇಂತಹ ಚಿತ್ರಗಳಲ್ಲಿ ಅಪ್ಪಟವಾದವೂ ಇವೆ, ಅಂಟಿಸಿದವೂ ಇವೆ. ಅವುಗಳನ್ನು ಬೇರ್ಪಡಿಸಲು ಕೂತಾಗ ನಾನು ಮೊದಲು ಕೇಳಿಕೊಳ್ಳುವುದು ಯಾವ ಲೆನ್ಸ್ ಬಳಸಿದರು ಎಂದಲ್ಲ, ತೆಗೆದವರು ಎಲ್ಲಿ ನಿಂತಿದ್ದರು ಎಂದು.

ಆಕಾಶದಲ್ಲಿ ಚಂದ್ರ ಆವರಿಸುವುದು ಸುಮಾರು ಅರ್ಧ ಡಿಗ್ರಿಯಷ್ಟು ಜಾಗವನ್ನು ಮಾತ್ರ. ಕೈ ಚಾಚಿ ಹಿಡಿದರೆ ಕಿರುಬೆರಳಿನ ಉಗುರು ಅವನನ್ನು ಮುಚ್ಚಿಬಿಡುತ್ತದೆ. ದಿಗಂತದಲ್ಲಿ ಅವನು ದೊಡ್ಡದಾಗಿ ಕಾಣುವುದು ನಮ್ಮ ಗ್ರಹಿಕೆಯ ಆಟ. ಅಳೆದು ನೋಡಿದರೆ ನೆತ್ತಿಯ ಮೇಲಿನ ಚಂದ್ರನಿಗೂ ಅವನಿಗೂ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ‘ಸೂಪರ್ ಮೂನ್’ ಕೂಡ ಅತಿ ದೂರದ ಹುಣ್ಣಿಮೆಗಿಂತ ಸುಮಾರು ಶೇ 14ರಷ್ಟು ದೊಡ್ಡದು, ಅಷ್ಟೆ. ಆದರೆ ಛಾಯಾಗ್ರಾಹಕರ ಕೈಯಲ್ಲಿ ಒಂದು ಉಪಾಯವಿದೆ. ನಾವು ಐದು ಕಿಲೋಮೀಟರ್ ಹಿಂದೆ ಸರಿದರೂ ಸುಮಾರು 3,84,000 ಕಿಲೋಮೀಟರ್ ಆಚೆಗಿರುವ ಚಂದ್ರ ಕಿರಿದಾಗುವುದಿಲ್ಲ, ಗೋಪುರ ಮಾತ್ರ ಕಿರಿದಾಗುತ್ತದೆ. ಯಾವುದೇ ವಸ್ತುವಿನ ಎತ್ತರದ ಸುಮಾರು 110 ಪಟ್ಟು ದೂರದಲ್ಲಿ ನಿಂತರೆ, ಆ ವಸ್ತುವೂ ಚಂದ್ರನೂ ಒಂದೇ ಅಳತೆಯಲ್ಲಿ ಕಾಣುತ್ತವೆ. ಉದ್ದನೆಯ ಟೆಲಿ ಲೆನ್ಸ್ ಮಾಡುವುದು ಆ ದೂರದ ನೋಟವನ್ನು ಕತ್ತರಿಸಿ ಹಿಗ್ಗಿಸುವ ಕೆಲಸವನ್ನಷ್ಟೇ. ಅಳತೆಗಳನ್ನು ನಿರ್ಧರಿಸುವುದು ನಿಂತ ಜಾಗ.

ಹಂಪಿಯ ವಿರೂಪಾಕ್ಷ ದೇವಾಲಯದ ಪೂರ್ವದ ಮಹಾಗೋಪುರಕ್ಕೆ ಈ ಲೆಕ್ಕವನ್ನು ಅನ್ವಯಿಸಿ ನೋಡೋಣ. ಅದರ ಎತ್ತರ ಸುಮಾರು 50 ಮೀಟರ್. ಚಂದ್ರ ಅಷ್ಟೇ ಎತ್ತರವಾಗಿ ಕಾಣಬೇಕೆಂದರೆ ಕ್ಯಾಮೆರಾ ಐದೂವರೆ ಕಿಲೋಮೀಟರ್ ದೂರದಲ್ಲಿರಬೇಕು, ನಡುವೆ ಇರುವ ಬಂಡೆಗುಡ್ಡಗಳಲ್ಲಿ ಒಂದೂ ಅಡ್ಡ ಬರಬಾರದು. ರಥಬೀದಿಯ ಇನ್ನೊಂದು ತುದಿಯ ಎದುರು ಬಸವಣ್ಣನ ಬಳಿ ನಿಂತು, ಬೆಳಗಿನ ಜಾವ ಪಶ್ಚಿಮದಲ್ಲಿ ಇಳಿಯುವ ಹುಣ್ಣಿಮೆ ಚಂದ್ರನನ್ನು ಗೋಪುರದ ಪಕ್ಕದಲ್ಲಿ ಹಿಡಿದರೆ, ಅವನು ಗೋಪುರದ ಏಳನೇ ಒಂದು ಭಾಗದಷ್ಟು ಕಂಡಾನು. ಹಾಗಿರುವಾಗ ಬೀದಿಯ ಮಂಟಪಗಳ ಕಂಬಗಳು, ನಡೆದು ಹೋಗುವವರ ಮುಖಗಳು ಹತ್ತಿರದಿಂದ ಕಂಡಂತೆ ಅಗಲವಾಗಿ ಹರಡಿಕೊಂಡಿದ್ದು, ಹಿಂದೆ ಗೋಪುರಕ್ಕೆ ಸರಿಸಮವಾದ ಚಂದ್ರ ನಿಂತಿದ್ದರೆ, ಅವೆರಡೂ ಒಂದೇ ಜಾಗದಿಂದ ತೆಗೆದವಲ್ಲ ಎಂದು ನಿಶ್ಚಿಂತೆಯಿಂದ ಹೇಳಬಹುದು. ಮತಂಗ ಬೆಟ್ಟದ ತುದಿಯಿಂದ ತೆಗೆದಂತೆ ತೋರುವ ಚಿತ್ರಗಳ ವಿಷಯ ಇನ್ನೂ ಸ್ಪಷ್ಟ. ಅಲ್ಲಿಂದ ನೋಡುವವರ ಕಣ್ಣಿಗೆ ಗೋಪುರ ಕೆಳಗಿರುತ್ತದೆ, ಅದರ ಹಿನ್ನೆಲೆಯಲ್ಲಿರುವುದು ನೆಲವೇ ಹೊರತು ಆಕಾಶವಲ್ಲ. ನೆಲದ ಮುಂದೆ ಚಂದ್ರ ಬರುವುದಿಲ್ಲ.

ಅಳತೆ ಹೊಂದಿದರೆ ಮುಂದಿನ ಪರೀಕ್ಷೆ ಬೆಳಕಿನದು. ಚಂದ್ರ ರಾತ್ರಿ ಕಂಡರೂ ಅದು ಬಿಸಿಲು ಬಿದ್ದ ಕಲ್ಲುಮಣ್ಣು. ಅದರ ಕಲೆಗಳು ಮೂಡಬೇಕಾದರೆ ಹಗಲಿನ ದೃಶ್ಯಕ್ಕೆ ಕೊಡುವಂಥದೇ ಚುಟುಕು ಎಕ್ಸ್‌ಪೋಷರ್ (ಕ್ಯಾಮೆರಾ ಬೆಳಕನ್ನು ಒಳಗೆ ಬಿಟ್ಟುಕೊಳ್ಳುವ ಅವಧಿ) ಸಾಕು. ಕತ್ತಲಲ್ಲಿರುವ ಗೋಪುರಕ್ಕೆ ಅದರ ಹಲವು ಪಟ್ಟು ಬೆಳಕು ಬೇಕು. ಹಾಗಾಗಿ ನಡುರಾತ್ರಿಯ ಒಂದೇ ಕ್ಲಿಕ್ಕಿನಲ್ಲಿ ಚಂದ್ರನ ಕಲೆಗಳೂ ಗೋಪುರದ ಗಾರೆಯ ಬೊಂಬೆಗಳೂ ಒಟ್ಟಿಗೆ ನಿಚ್ಚಳವಾಗಿ ಬರುವುದಿಲ್ಲ. ಒಂದೋ ಗೋಪುರ ಕಪ್ಪು ಆಕೃತಿಯಾಗುತ್ತದೆ, ಇಲ್ಲವೇ ಚಂದ್ರ ಬಿಳಿಯ ಬಿಲ್ಲೆಯಾಗುತ್ತಾನೆ. ಅನುಭವಿ ಛಾಯಾಗ್ರಾಹಕರು ಚತುರ್ದಶಿಯ ಸಂಜೆಯನ್ನು ಬಯಸುವುದು ಇದಕ್ಕಾಗಿಯೇ. ಅಂದು ಸೂರ್ಯ ಮುಳುಗುವ ಮುನ್ನವೇ ಚಂದ್ರ ಮೂಡಿರುವುದರಿಂದ ಕಟ್ಟಡದ ಮೇಲೂ ಬೆಳಕು ಉಳಿದಿರುತ್ತದೆ. ದಿಗಂತದ ಸಮೀಪದ ಚಂದ್ರ ದಟ್ಟ ಗಾಳಿಯ ಮೂಲಕ ಕಾಣುವುದರಿಂದ ಹಳದಿಗೋ ಕೆಂಪಿಗೋ ತಿರುಗಿ, ಅಂಚು ತುಸು ಅಲುಗಿದಂತಿರುತ್ತದೆ. ನೆಲಕ್ಕೆ ಅಂಟಿಕೊಂಡಿದ್ದೂ ಹಾಲಿನಂತೆ ಬಿಳುಪಾಗಿ, ಬ್ಲೇಡಿನಲ್ಲಿ ಕೊರೆದಂತೆ ಚೂಪಾಗಿರುವ ಚಂದ್ರನನ್ನು ಕಂಡರೆ ನನಗೆ ಅನುಮಾನ ಶುರುವಾಗುತ್ತದೆ. ಬಿದಿಗೆ ಚಂದ್ರನ ಕಪ್ಪು ಭಾಗದೊಳಗೆ ನಕ್ಷತ್ರ ಮಿನುಗುವ ಚಿತ್ರಗಳಂತೂ ಎರಡನೇ ನೋಟಕ್ಕೂ ಅರ್ಹವಲ್ಲ; ಕಪ್ಪಾಗಿ ಕಂಡರೂ ಅಲ್ಲಿ ಇರುವುದು ಚಂದ್ರನ ಒಡಲೇ, ಅದರ ಹಿಂದಿನ ನಕ್ಷತ್ರ ಕಾಣುವುದಿಲ್ಲ.

ದೂರದ ಈ ಲೆಕ್ಕ ಚಂದ್ರನಿಗಷ್ಟೇ ಸೀಮಿತವಾಗಿದ್ದರೆ ಇಷ್ಟು ಬರೆಯಬೇಕಿರಲಿಲ್ಲ. ಸಂಚಾರ ದಟ್ಟಣೆ, ಜಾತ್ರೆ, ಚುನಾವಣಾ ಸಭೆಗಳ ಚಿತ್ರಗಳಲ್ಲೂ ಅದೇ ಕೆಲಸ ಮಾಡುತ್ತದೆ, ಅಲ್ಲಿ ಅದರ ಪರಿಣಾಮ ಹೆಚ್ಚು ಗಂಭೀರ. ಸಾಲಿನ ಉದ್ದಕ್ಕೂ ನೋಡುವಂತೆ ದೂರದಿಂದ ಟೆಲಿ ಲೆನ್ಸ್‌ನಲ್ಲಿ ತೆಗೆದರೆ ಅಂತರ ಬಿಟ್ಟು ನಿಂತವರೂ ಒಬ್ಬರ ಬೆನ್ನಿಗೊಬ್ಬರು ಅಂಟಿದಂತೆ ಕಾಣುತ್ತಾರೆ. ಕೊರೊನಾ ಕಾಲದಲ್ಲಿ, 2020ರ ಏಪ್ರಿಲ್‌ನಲ್ಲಿ, ಡೆನ್ಮಾರ್ಕ್‌ನ ಚಿತ್ರಸಂಸ್ಥೆ ರಿಟ್ಸಾವ್ ಸ್ಕಾನ್‌ಪಿಕ್ಸ್‌ನ ಇಬ್ಬರು ಛಾಯಾಗ್ರಾಹಕರು ಕೋಪನ್‌ಹೇಗನ್‌ನಲ್ಲಿ ಒಂದೇ ಜಾಗದ ಜನರನ್ನು ಟೆಲಿ ಲೆನ್ಸ್‌ನಲ್ಲೂ ಅಗಲ ನೋಟದ ವೈಡ್ ಆ್ಯಂಗಲ್ ಲೆನ್ಸ್‌ನಲ್ಲೂ ತೆಗೆದು ಅಕ್ಕಪಕ್ಕ ಇಟ್ಟು ತೋರಿಸಿದರು. ಒಂದರಲ್ಲಿ ನಿಯಮ ಮುರಿದ ಗುಂಪು, ಇನ್ನೊಂದರಲ್ಲಿ ಅಂತರ ಕಾಯ್ದುಕೊಂಡ ನಾಗರಿಕರು. ಎರಡರಲ್ಲಿ ಯಾವುದನ್ನೂ ತಿದ್ದಿರಲಿಲ್ಲ. ತಿದ್ದದ ಚಿತ್ರವೂ ದಾರಿ ತಪ್ಪಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆಯನ್ನು ನಾನು ಕಂಡಿಲ್ಲ.

ಫೋನಿನ ಮುಖ್ಯ ಕ್ಯಾಮೆರಾದಲ್ಲಿ ಝೂಮ್ ಮಾಡದೆ ಅಡ್ಡಲಾಗಿ ತೆಗೆದ ಚಿತ್ರದಲ್ಲಿ ಚಂದ್ರ ಚೌಕಟ್ಟಿನ ಎತ್ತರದ ಸುಮಾರು ನೂರನೇ ಒಂದು ಭಾಗ ಮಾತ್ರ. ಈಚಿನ ಕೆಲವು ಫೋನ್‌ಗಳು ಝೂಮ್ ಮಾಡಿದಾಗ ಎದುರಿಗಿರುವುದು ಚಂದ್ರನೆಂದು ಗುರುತಿಸಿ, ತಮಗೆ ಮೊದಲೇ ಕಲಿಸಿದ ವಿವರಗಳನ್ನು ತುಂಬುತ್ತವೆ. ತೆಗೆದವರಿಗೇ ಅದು ಗೊತ್ತಿರುವುದಿಲ್ಲ. ಇನ್ನು ವಾಟ್ಸ್ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದ ಚಿತ್ರದಲ್ಲಿ ಲೆನ್ಸ್, ಸಮಯ, ಸ್ಥಳಗಳ ಮಾಹಿತಿ ಅಳಿಸಿಹೋಗಿರುತ್ತದೆ. ಆದ್ದರಿಂದ ಅಂತಹ ಚಿತ್ರ ಬಂದಾಗ ನಾವು ಕಳಿಸಿದವರಿಂದ ಮೂಲ ಕಡತವನ್ನೂ ಅದರ ಹಿಂದುಮುಂದಿನ ಕ್ಲಿಕ್ಕುಗಳನ್ನೂ ಕೇಳುತ್ತೇವೆ. ಚಂದ್ರ ತನ್ನ ಅಗಲದಷ್ಟು ದೂರ ಸರಿಯಲು ಸುಮಾರು ಎರಡು ನಿಮಿಷ ಸಾಕು. ನಿಜವಾಗಿ ನಿಂತು ಕಾದವರ ಬಳಿ ಅವನು ಕಳಸವನ್ನು ಸಮೀಪಿಸುವ, ತಾಗುವ, ದಾಟುವ ಚಿತ್ರಗಳೆಲ್ಲ ಇದ್ದೇ ಇರುತ್ತವೆ. ಎರಡು ಎಕ್ಸ್‌ಪೋಷರ್‌ಗಳನ್ನು ಸೇರಿಸಿ ಮಾಡಿದ ಚಿತ್ರವನ್ನು ನಾವು ಸುದ್ದಿಯ ಪುಟಕ್ಕೆ ಕೊಡುವುದಿಲ್ಲ. ಪುರವಣಿಯಲ್ಲಿ ಬಳಸಿದರೆ, ಎರಡು ಚಿತ್ರಗಳನ್ನು ಸೇರಿಸಿದ್ದು ಎಂದು ಅಡಿಬರಹದಲ್ಲೇ ಅಚ್ಚು ಹಾಕುತ್ತೇವೆ.