ಹಳೇ ಪೆಟ್ರೋಲ್ ಕಾರಿಗೆ ಯಾವ ಆಕ್ಸಿಜನ್ ಸೆನ್ಸರ್ ಹಾಕಿಸಬೇಕು?

ಹತ್ತು ಹನ್ನೆರಡು ವರ್ಷ ಓಡಿದ ಪೆಟ್ರೋಲ್ ಕಾರಲ್ಲಿ ಚೆಕ್ ಇಂಜಿನ್ ಲೈಟ್ ಹತ್ತಿ, ಜೊತೆಗೆ ಮೈಲೇಜೂ ಇಳಿದರೆ, ಗ್ಯಾರೇಜಿನಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತು 'ಆಕ್ಸಿಜನ್ ಸೆನ್ಸರ್ ಹೋಗಿದೆ, ಚೇಂಜ್ ಮಾಡಿಸಿ' ಅಂತ. ಎಷ್ಟೋ ಸಲ ಅದು ನಿಜವೇ. ಆದರೆ ಸೆನ್ಸರ್ ಸರಿಯಾಗಿದ್ದು, ಅದು ತೋರಿಸುತ್ತಿರುವ ತೊಂದರೆ ಬೇರೆ ಕಡೆ ಇರುವುದೂ ಉಂಟು. ಹಾಗಾಗಿ ಯಾವ ಕಂಪನಿಯದು ತಗೊಳ್ಳಲಿ ಅಂತ ಕೇಳುವ ಮುಂಚೆ ಅದು ಮಾಡುವ ಕೆಲಸ ತಿಳಿದಿರಬೇಕು.

1 ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಈ ಲೆಕ್ಕ ತಪ್ಪಿದರೆ ಕ್ಯಾಟಲಿಟಿಕ್ ಕನ್ವರ್ಟರ್ ಹೊಗೆಯನ್ನು ಸರಿಯಾಗಿ ಶುದ್ಧ ಮಾಡಲಾರದು. ಅದಕ್ಕೇ 1976ರಲ್ಲಿ ಅಮೆರಿಕದ ಮಾರುಕಟ್ಟೆಗೆ ಹೋದ ವೋಲ್ವೋ ಕಾರುಗಳಲ್ಲಿ ಬಾಷ್ ಕಂಪನಿಯ ಈ ಸೆನ್ಸರ್ ಮೊದಲು ಬಂತು. ಒಳಗಿರುವುದು ಜಿರ್ಕೋನಿಯಾ ಎಂಬ ಸೆರಾಮಿಕ್, ಅದರ ಎರಡೂ ಮೈಗೆ ಪ್ಲಾಟಿನಂ ಲೇಪ. ಒಂದು ಮೈಗೆ ಸೈಲೆನ್ಸರ್ ಕಡೆ ಹೋಗುವ ಹೊಗೆ ತಾಗುತ್ತದೆ, ಇನ್ನೊಂದಕ್ಕೆ ಹೊರಗಿನ ಗಾಳಿ. ಎರಡು ಕಡೆಯ ಆಕ್ಸಿಜನ್‌ನಲ್ಲಿ ವ್ಯತ್ಯಾಸ ಜಾಸ್ತಿ ಆದಷ್ಟೂ ವೋಲ್ಟೇಜ್ ಏರುತ್ತದೆ. ಪೆಟ್ರೋಲ್ ಜಾಸ್ತಿಯಾದರೆ ಸುಮಾರು 0.9 ವೋಲ್ಟ್, ಗಾಳಿ ಜಾಸ್ತಿಯಾದರೆ 0.1. ಇಂಜಿನ್ನಿನ ಕಂಪ್ಯೂಟರ್ ಆದ ಇಸಿಯು ಇದನ್ನು ನೋಡುತ್ತಾ ಪೆಟ್ರೋಲನ್ನು ಚೂರು ಕಡಿಮೆ, ಚೂರು ಜಾಸ್ತಿ ಮಾಡುತ್ತಲೇ ಇರುತ್ತದೆ. ಸುಮಾರು 300 ಡಿಗ್ರಿ ಸೆಲ್ಸಿಯಸ್ ಬಿಸಿಯಾಗದೆ ಈ ಸೆರಾಮಿಕ್ ಕೆಲಸ ಮಾಡುವುದಿಲ್ಲ, ಅದಕ್ಕೇ ಒಳಗೊಂದು ಹೀಟರ್ ಇದೆ. ನಾಲ್ಕು ವೈರ್‌ಗಳಲ್ಲಿ ಎರಡು ಅದರವು.

ಇಸಿಯು ಬರೆದಿಟ್ಟ ತೊಂದರೆ ಕೋಡ್ ಓದುವ ಸ್ಕ್ಯಾನರ್‌ನಲ್ಲಿ ಪಿ0135 ಬಂದರೆ ಹೀಟರ್ ಸರ್ಕ್ಯೂಟ್ ತೊಂದರೆ. ಫ್ಯೂಸ್, ವೈರಿಂಗ್ ಸರಿ ಇದ್ದರೆ ಸೆನ್ಸರ್ ಬದಲಾಯಿಸಿ, ಅನುಮಾನವೇ ಬೇಡ. ಪಿ0133 ಬಂದರೆ ಸೆನ್ಸರ್ ನಿಧಾನವಾಗಿದೆ. ವಯಸ್ಸಾದ ಸೆನ್ಸರ್ ಹೀಗೇ ಆಗುತ್ತದೆ, ಒಮ್ಮೆಲೇ ಸಾಯುವುದಿಲ್ಲ, ಉತ್ತರ ಕೊಡೋದು ತಡವಾಗುತ್ತದೆ. ಆದರೆ ಪಿ0171, ಅಂದರೆ ಗಾಳಿ ಜಾಸ್ತಿ ಅನ್ನುವ ಕೋಡ್ ಬಂದಾಗ ದುಡುಕಬೇಡಿ. ಇಂಜಿನ್‌ಗೂ ಸೆನ್ಸರ್‌ಗೂ ನಡುವೆ ಎಕ್ಸಾಸ್ಟ್ ಪೈಪಿನ ಗ್ಯಾಸ್ಕೆಟ್ ಲೀಕ್ ಇದ್ದರೆ ಹೊರಗಿನ ಗಾಳಿ ಒಳಗೆ ಎಳೆದುಕೊಳ್ಳುತ್ತದೆ, ಸೆನ್ಸರ್ ಆ ಆಕ್ಸಿಜನ್ನನ್ನೂ ಲೆಕ್ಕ ಹಾಕುತ್ತದೆ, ಇಸಿಯು ನಂಬಿ ಪೆಟ್ರೋಲ್ ಸುರಿಯುತ್ತದೆ, ಮೈಲೇಜ್ ಬೀಳುತ್ತದೆ. ಇಲ್ಲಿ ಸೆನ್ಸರ್ ಬದಲಾಯಿಸಿದರೆ ದುಡ್ಡು ಸುಮ್ನೆ ಹೋಗುತ್ತದೆ. ಇಂಜಿನ್ ಆಯಿಲ್ ಸುಡುತ್ತಿದ್ದರೆ, ಕೂಲಂಟ್ ಒಳಗೆ ಸೇರುತ್ತಿದ್ದರೆ ಹೊಸ ಸೆನ್ಸರ್ ಕೂಡ ಬೇಗ ಹಾಳಾಗುತ್ತದೆ. ಗ್ಯಾಸ್ಕೆಟ್‌ಗೆ ಬಳಿಯುವ ಕೆಲವು ಸಿಲಿಕೋನ್ ಪೇಸ್ಟ್‌ಗಳೂ ಅದಕ್ಕೆ ವಿಷವೇ.

ಇನ್ನು ಆಯ್ಕೆ. ದೊಡ್ಡ ಮೋಸ ಇರೋದು ಥ್ರೆಡ್‌ನಲ್ಲಿ. ಹೆಚ್ಚಿನ ಸೆನ್ಸರ್‌ಗಳ ಥ್ರೆಡ್ 18 ಮಿಲಿಮೀಟರ್, 22ರ ಸ್ಪ್ಯಾನರ್ ಕೂರುತ್ತದೆ. ಹಾಗಾಗಿ ಬೇರೆ ಕಾರಿನದೂ ನಿಮ್ಮ ಎಕ್ಸಾಸ್ಟ್‌ನಲ್ಲಿ ಸಲೀಸಾಗಿ ಕೂತುಬಿಡುತ್ತದೆ. ಕೂತರೆ ಸಾಲದು, ಅಲ್ವಾ? ಮೇಲೆ ಹೇಳಿದ್ದು ನ್ಯಾರೋಬ್ಯಾಂಡ್ ಸೆನ್ಸರ್, ಪೆಟ್ರೋಲ್ ಜಾಸ್ತಿಯೋ ಗಾಳಿ ಜಾಸ್ತಿಯೋ ಅಂತಷ್ಟೇ ಹೇಳುವುದು. ಕೆಲವು ಕಾರುಗಳಲ್ಲಿ ಮುಂದಿನ, ಅಂದರೆ ಕನ್ವರ್ಟರ್‌ಗಿಂತ ಮೊದಲು ಬರುವ ಸೆನ್ಸರ್ ವೈಡ್‌ಬ್ಯಾಂಡ್ ಆಗಿರುತ್ತದೆ. ಅದು ಮಿಶ್ರಣ ಎಷ್ಟು ತಪ್ಪಿದೆ ಅಂತ ಅಳೆದು ಹೇಳುತ್ತದೆ, ಸಿಗ್ನಲ್ಲೇ ಬೇರೆ. ಒಂದರ ಜಾಗಕ್ಕೆ ಇನ್ನೊಂದು ನಡೆಯುವುದಿಲ್ಲ. ವೈರ್ ಎಣಿಸಿ ತೀರ್ಮಾನಿಸಲೂ ಬೇಡಿ, ಯಾಕೆಂದರೆ ನಾಲ್ಕು ವೈರಿನ ವೈಡ್‌ಬ್ಯಾಂಡ್‌ಗಳೂ ಇವೆ.

ನನ್ನ ಸಲಹೆ ಒಂದೇ. ಕಾರಿನ ಜೊತೆ ಫ್ಯಾಕ್ಟರಿಯಿಂದ ಬಂದ ಸೆನ್ಸರ್ ಮಾಡಿದ ಕಂಪನಿಯದನ್ನೇ, ಅದೇ ನಂಬರಿನದನ್ನೇ ಕೊಳ್ಳಿ. ಹಳೆಯದರ ಲೋಹದ ಮೈ ಅಥವಾ ಕಪ್ಲರ್ ಮೇಲೆ ಡೆನ್ಸೋ, ಎನ್‌ಟಿಕೆ, ಬಾಷ್, ಡೆಲ್ಫಿ ಅಂತ ಯಾವುದೋ ಹೆಸರು, ನಂಬರ್ ಕೊರೆದಿರುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗುವವರು ಅದರ ಫೋಟೋ ತಗೊಂಡು ಹೋಗಿ. ಕಾರ್ ಕಂಪನಿ ಡಬ್ಬದಲ್ಲಿ ಬರುವ ಅದೇ ಮಾಲು ಸ್ವಲ್ಪ ದುಬಾರಿ ಇರಬಹುದು, ಆದರೆ ಡೂಪ್ಲಿಕೇಟ್ ಭಯ ಕಡಿಮೆ. ವೈರ್ ಕತ್ತರಿಸಿ ಜೋಡಿಸುವ ಯೂನಿವರ್ಸಲ್ ಸೆನ್ಸರ್ ನನಗೆ ಇಷ್ಟವಿಲ್ಲ. ಅನೇಕ ಸೆನ್ಸರ್‌ಗಳಲ್ಲಿ ಹೊರಗಿನ ಗಾಳಿ ಒಳಗೆ ಹೋಗೋದು ವೈರಿನ ಎಳೆಗಳ ಸಂದಿಯಿಂದಲೇ. ಅಲ್ಲಿ ಬೆಸುಗೆ ಹಾಕಿದರೆ ಅದರ ಉಸಿರುದಾರಿ ಮುಚ್ಚುತ್ತದೆ, ಓದು ತಪ್ಪುತ್ತದೆ. ಜೋಡಿಸಲೇಬೇಕಾದರೆ ಬೆಸುಗೆ ಇಲ್ಲದೆ ಲೋಹದ ತುಂಡಿನಲ್ಲಿ ಒತ್ತಿ ಕೂರಿಸುವ ಕ್ರಿಂಪ್ ಮಾಡಿಸಿ. ಗುಜರಿಯಿಂದ ಮಾತ್ರ ಖಂಡಿತ ಬೇಡ.

ಎರಡು ಸೆನ್ಸರ್ ಇರುವ ಕಾರಲ್ಲಿ ಎರಡನ್ನೂ ಒಟ್ಟಿಗೆ ಬದಲಾಯಿಸಬೇಕಾಗಿಲ್ಲ. ಪೆಟ್ರೋಲ್ ಲೆಕ್ಕ ಮುಖ್ಯವಾಗಿ ಮುಂದಿನದರದ್ದು, ಹಿಂದಿನದು ಹೆಚ್ಚಾಗಿ ಕನ್ವರ್ಟರ್ ಕೆಲಸ ಮಾಡ್ತಾ ಇದೆಯಾ ಅಂತ ನೋಡುತ್ತದೆ. ಪಿ0420, ಅಂದರೆ ಕನ್ವರ್ಟರ್ ಸರಿಯಾಗಿ ಕೆಲಸ ಮಾಡ್ತಿಲ್ಲ ಅನ್ನುವ ಕೋಡ್ ಬಂದರೆ ಅನೇಕ ಸಲ ಆ ಕನ್ವರ್ಟರೇ ಸೋತಿರುತ್ತದೆ.

20 ಪರ್ಸೆಂಟ್ ಎಥೆನಾಲ್ ಬೆರೆಸಿದ ಇ20 ಪೆಟ್ರೋಲ್‌ಗೆ ಬೇರೆ ಸೆನ್ಸರ್ ಬೇಕಾ? ಬೇಡ. ಎಥೆನಾಲ್‌ನಲ್ಲೇ ಆಕ್ಸಿಜನ್ ಇರುವುದರಿಂದ 14.7 ಇದ್ದದ್ದು ಸುಮಾರು 13.5ಕ್ಕೆ ಇಳಿಯುತ್ತದೆ. ಸೆನ್ಸರ್ ನೋಡೋದು ಉರಿದ ಮೇಲೆ ಉಳಿದ ಆಕ್ಸಿಜನ್ನನ್ನು, ಹಾಗಾಗಿ ಅದಕ್ಕೆ ಗೊಂದಲವಿಲ್ಲ. ಇಸಿಯು ಮಾತ್ರ ಇಂಜೆಕ್ಟರನ್ನು ಸ್ವಲ್ಪ ಹೆಚ್ಚು ಹೊತ್ತು ತೆರೆಯಬೇಕಾಗುತ್ತದೆ.

ಹೊಸದನ್ನು ಕೂರಿಸುವಾಗ ತುದಿಗೆ ಗ್ರೀಸ್, ಆಯಿಲ್ ತಾಗದಿರಲಿ. ಥ್ರೆಡ್‌ಗೆ ಬೇಕಾದ ಪೇಸ್ಟ್ ಸಾಮಾನ್ಯವಾಗಿ ಮೊದಲೇ ಹಚ್ಚಿರುತ್ತದೆ. ಕೋಡ್ ಅಳಿಸಿ ಕೆಲವು ದಿನ ಓಡಿಸಿದ ಮೇಲೆ ಸ್ಕ್ಯಾನರ್‌ನಲ್ಲಿ ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್, ಅಂದರೆ ಇಸಿಯು ಪೆಟ್ರೋಲನ್ನು ಮೂಲ ಲೆಕ್ಕಕ್ಕಿಂತ ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಅನ್ನೋದನ್ನು ನೋಡಿಸಿ. ಅದು ಇನ್ನೂ ಪ್ಲಸ್ 15, 20 ಪರ್ಸೆಂಟ್ ಮೇಲೇ ನಿಂತಿದ್ದರೆ ಎಲ್ಲೋ ಗಾಳಿ ಲೀಕ್ ಇದೆ ಅಥವಾ ಪೆಟ್ರೋಲ್ ಸಾಕಷ್ಟು ಬರುತ್ತಿಲ್ಲ, ಮೆಕ್ಯಾನಿಕ್‌ಗೆ ಅದನ್ನು ಹುಡುಕಲು ಹೇಳಿ.